ಡಿಸ್ಚಾರ್ಜ್ ಆದ ಮೇಲಿನ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅರವತ್ತೈದು ದಾಟಿದವರದ್ದು, ಇಲ್ಲಾ ಅವರ ಮಕ್ಕಳದ್ದು. ಎಲ್ಲವೂ ಆಸ್ಪತ್ರೆ ಖರ್ಚಿನ ವಿಚಾರವೇ. ಹಾಗಾಗಿ ಕಾರ್ ಇನ್ಶೂರೆನ್ಸ್, ಎಲ್‌ಐಸಿ ಬಾಂಡ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ಸರ್ಕಾರಿ ವಿಮಾ ಕಂಪನಿಯೊಂದರಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅದರಲ್ಲಿ ಕೊನೆಯ 14 ವರ್ಷ ಕ್ಲೇಮ್ ಟೇಬಲ್ಲಿನಲ್ಲೇ ಕಳೆಯಿತು. ಅಂದರೆ ನಿಮ್ಮ ಬಿಲ್ಲಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದವರಲ್ಲಿ ನಾನೂ ಒಬ್ಬಳು. ಈಗ ಮೇಜಿನ ಈ ಕಡೆ ಕೂತಿದ್ದೇನೆ. ಈ ಕಡೆಯಿಂದ ನೋಡಿದರೆ ಆ ಗೀಟು ಬೇರೆಯೇ ಥರ ಕಾಣುತ್ತದೆ, ಅದು ನಿಜ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 74. ನನ್ನ ಹೆಂಡತಿಗೆ 69. ಹೋದ ತಿಂಗಳು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಂಟು ದಿನ ಇದ್ದೆವು. ಬಿಲ್ಲು 2,80,000 ರೂಪಾಯಿ. ಅವಳ ಪಾಲಿಸಿ 3 ಲಕ್ಷದ್ದು, ಒಂಬತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಪ್ರೀಮಿಯಂ ಕಟ್ಟಿದ್ದೇನೆ. ಬಿಲ್ಲು ಪಾಲಿಸಿಗಿಂತ ಕಡಿಮೆ ಇರುವಾಗ ಪೂರ್ತಿ ಬರಬೇಕಲ್ಲವೇ? ಕೊಟ್ಟದ್ದು 1,68,000 ಮಾತ್ರ. ಮನೆಗೆ ಬಂದು 40 ದಿನ ಆಯಿತು. ನೋಡಿಕೊಳ್ಳಲು ಬರುವ ಹೆಂಗಸಿಗೆ ದಿನಕ್ಕೆ 700, ಫಿಸಿಯೋಥೆರಪಿಯವರಿಗೆ ಸಲಕ್ಕೆ 500. ಒಂದು ಎಫ್‌ಡಿ ಮುರಿಸಿದ್ದಾಗಿದೆ. ನಾವು ಮೋಸ ಹೋದೆವಾ? – ಸಾಗರ ತಾಲೂಕಿನಿಂದ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಜೊತೆ ಬಿಲ್ಲಿನ ಜೆರಾಕ್ಸ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ರಾತ್ರಿ ಊಟ ಆದ ಮೇಲೆ ಹಳೇ ಅಭ್ಯಾಸದಂತೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಮೋಸ ಅಲ್ಲ. ಆದರೆ ಪಾಲಿಸಿ ಕೊಟ್ಟವರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇದನ್ನು ನಿಮಗೆ ಬಿಡಿಸಿ ಹೇಳಿಲ್ಲವಲ್ಲ, ಅದಕ್ಕೆ ಏನು ಹೆಸರಿಡಬೇಕೋ ನೀವೇ ಇಡಿ.

ನಿಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ. ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000. ನೀವು ತೆಗೆದುಕೊಂಡ ರೂಮು 5,000ದ್ದು. ಜನ ಏನು ಅಂದುಕೊಳ್ಳುತ್ತಾರೆ ಅಂದರೆ, ದಿನಕ್ಕೆ 2,000 ಜಾಸ್ತಿ, ಎಂಟು ದಿನಕ್ಕೆ 16,000, ಅಷ್ಟು ನಾವು ಕೊಟ್ಟರಾಯಿತು ಅಂತ. ಅಲ್ಲೇ ಎಡವುವುದು. 5,000ದಲ್ಲಿ 3,000 ಅಂದರೆ ಶೇ. 60. ಆ ಶೇ. 60 ಬರೀ ಬಾಡಿಗೆಗೆ ನಿಲ್ಲುವುದಿಲ್ಲ. ಸರ್ಜನ್ ಫೀಸು, ಅರಿವಳಿಕೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್, ಎಲ್ಲಕ್ಕೂ ಅದೇ ಅಳತೆ ಬೀಳುತ್ತದೆ. ನಿಮ್ಮ ಬಿಲ್ಲಿನಲ್ಲಿ ಇವೆಲ್ಲ ಸೇರಿ 90,000. ಲೆಕ್ಕಕ್ಕೆ ಸಿಕ್ಕಿದ್ದು 54,000. ರೂಮಿನ 40,000ದಲ್ಲಿ ಸಿಕ್ಕಿದ್ದು 24,000. ಮೂಳೆಗೆ ಹಾಕಿದ ಇಂಪ್ಲಾಂಟ್, ಔಷಧಿ, ಎಕ್ಸ್‌ರೇ, ರಕ್ತ ಪರೀಕ್ಷೆ ಸೇರಿ 1,32,000. ಇದನ್ನು ಮುಟ್ಟಿಲ್ಲ, ಮುಟ್ಟುವ ಹಾಗೂ ಇಲ್ಲ. 2020ರಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಇವಕ್ಕೆ ರೂಮಿನ ಅಳತೆ ಹಾಕಬಾರದು ಅಂತ ಹೇಳಿಬಿಟ್ಟಿದೆ. ಇನ್ನು ಗ್ಲೌಸ್, ಡೈಪರ್, ವಾಕರ್, ಫೈಲ್ ಚಾರ್ಜು ಅಂತ 18,000 ಇದೆಯಲ್ಲ, ಅದು ಪೂರ್ತಿ ಸೊನ್ನೆ.

ಅಲ್ಲಿಗೆ 2,10,000 ಆಯಿತು. ಅದರ ಮೇಲೆ ಕೋ-ಪೇ ಶೇ. 20. ವಯಸ್ಸಾದವರ ಪಾಲಿಸಿಗಳಲ್ಲಿ ಇದು ಮಾಮೂಲಿ. ಯಾವ ಬಿಲ್ಲು ಬಂದರೂ ಐದರಲ್ಲಿ ಒಂದು ಪಾಲು ನಿಮ್ಮದು ಅನ್ನುವ ಕರಾರು. 42,000 ಅಲ್ಲಿ ಹೋಯಿತು. ಉಳಿದದ್ದು 1,68,000. ಲೆಕ್ಕ ಸರಿ ಬಂತಲ್ಲ.

3,000ದ ಒಳಗಿನ ರೂಮು ಹಿಡಿದಿದ್ದರೆ? ಎಂಟು ದಿನಕ್ಕೆ ಬಾಡಿಗೆಯೇ 16,000 ಉಳಿಯುತ್ತಿತ್ತು. ಸರ್ಜನ್ ಫೀಸಿನ ಕಡಿತವೂ ಇರುತ್ತಿರಲಿಲ್ಲ. ನಿಮ್ಮ ಕೈಯಿಂದ ಹೋದ 1,12,000ದಲ್ಲಿ ಸುಮಾರು 45,000 ಉಳಿಯುತ್ತಿತ್ತು. ನೋವಿನಲ್ಲಿರುವ ಹೆಂಡತಿಯನ್ನು ಶೇರಿಂಗ್ ರೂಮಿಗೆ ಹಾಕಲು ಮನಸ್ಸು ಬರಲಿಲ್ಲ ಅಂತ ಬರೆದಿದ್ದೀರಿ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಅಡ್ಮಿಷನ್ ಕೌಂಟರಿನಲ್ಲಿ "ಯಾವ ರೂಮ್ ಬೇಕು ಸಾರ್?" ಅಂತ ಕೇಳುವ ಹುಡುಗಿ "ನಿಮ್ಮ ಪಾಲಿಸಿಗೆ ಯಾವ ರೂಮ್ ಹೊಂದುತ್ತದೆ?" ಅಂತ ಕೇಳಿದ್ದರೆ ಸಾಕಿತ್ತು, ಅಷ್ಟೇ.

ಈಗ ಮಾಡಬಹುದಾದ ಎರಡು ಕೆಲಸ ಇವೆ. ಒಂದು, ರೂಮಿಗೆ ತಕ್ಕಂತೆ ಸರ್ಜನ್ ಫೀಸು ಬದಲಾಗುವ ಆಸ್ಪತ್ರೆಗಳಲ್ಲಿ ಮಾತ್ರ ಈ ಅಳತೆ ಹಾಕಬಹುದು. ಜನರಲ್ ವಾರ್ಡ್ ಆದರೂ ಸ್ಪೆಷಲ್ ರೂಮ್ ಆದರೂ ಒಂದೇ ಫೀಸು ಇರುವ ಆಸ್ಪತ್ರೆಯಾದರೆ ಕಡಿತ ಮಾಡುವಂತಿಲ್ಲ. ಸಣ್ಣ ಊರಿನ ಎಷ್ಟೋ ಆಸ್ಪತ್ರೆಗಳಲ್ಲಿ ಫೀಸು ಒಂದೇ ಇರುತ್ತದೆ. ಬಿಲ್ಲಿಂಗ್ ಸೆಕ್ಷನ್ನಿಗೆ ಹೋಗಿ "ನಮ್ಮಲ್ಲಿ ರೂಮಿನ ಮೇಲೆ ಫೀಸು ಬದಲಾಗುವುದಿಲ್ಲ" ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಲು ನೋಡಿ. ಸಿಕ್ಕರೆ ಅದನ್ನು ಇಟ್ಟು ಕಂಪನಿಗೆ ಮತ್ತೆ ಬರೆಯಿರಿ. ಫೀಸುಗಳಲ್ಲಿ ಕಡಿತವಾದ 36,000ಕ್ಕೆ ಕೋ-ಪೇ ಕಳೆದರೂ 28,800 ವಾಪಸ್ ಬರುವ ದಾರಿ ಅದು.

ಎರಡನೆಯದು ಇನ್ನೂ ಮುಖ್ಯ. ಇದಕ್ಕೋಸ್ಕರವೇ ನಿಮ್ಮ ಪತ್ರವನ್ನು ಮೊದಲು ಹಾಕಿದ್ದು. ಡಿಸ್ಚಾರ್ಜ್ ಆದ ದಿನಕ್ಕೆ ಪಾಲಿಸಿಯ ಕೆಲಸ ಮುಗಿಯಿತು ಅಂತ ಎಲ್ಲರೂ ಫೈಲ್ ಕಟ್ಟಿ ಬೀರುವಿನಲ್ಲಿ ಇಡುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲೂ 60 ದಿನ ಇದೆ. ಆ ಅವಧಿಯ ಔಷಧಿ, ಮತ್ತೆ ತೋರಿಸಿದ ಫೀಸು, ಎಕ್ಸ್‌ರೇ, ಡಾಕ್ಟರು ಬರೆದುಕೊಟ್ಟ ಫಿಸಿಯೋಥೆರಪಿ, ಇವನ್ನೂ ಕೇಳಬಹುದು. ಆಸ್ಪತ್ರೆಗೆ ಸೇರುವ ಮೊದಲಿನ 30 ದಿನದ್ದೂ ಇದೆ. ನನ್ನ ಟೇಬಲ್ಲಿಗೆ ಬರುತ್ತಿದ್ದ ವಯಸ್ಸಾದವರ ಫೈಲುಗಳಲ್ಲಿ ಈ ಎರಡನೇ ಕ್ಲೇಮ್ ಹಾಕಿದವರು ಬೆರಳೆಣಿಕೆಯಷ್ಟು. ಯಾರೂ ಕೇಳುತ್ತಿರಲಿಲ್ಲ. ನಾವೂ ಫೋನ್ ಮಾಡಿ ಕರೆಯುತ್ತಿರಲಿಲ್ಲ.

ಡಿಸ್ಚಾರ್ಜ್ ಸಮರಿ ತೆಗೆದು ನೋಡಿ. ಫಿಸಿಯೋಥೆರಪಿ ಅಂತ ಬರೆದಿದೆಯಾ? ಇಲ್ಲದಿದ್ದರೆ ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಎಷ್ಟು ವಾರ ಅಂತಲೂ ಇರಲಿ. ಫಿಸಿಯೋಥೆರಪಿಯವರು ಚೀಟಿಯಲ್ಲಿ ಬರೀ ಮೊತ್ತ ಗೀಚಿ ಕೊಟ್ಟರೆ ಆಗುವುದಿಲ್ಲ. ಹೆಸರು, ರಿಜಿಸ್ಟ್ರೇಷನ್ ನಂಬರು, ತಾರೀಖು ಇರುವ ರಸೀದಿ ಬೇಕು. ಇನ್ನು 20 ದಿನ ಇದೆ. ಅವಧಿ ಮುಗಿದ 15 ದಿನದೊಳಗೆ ಎಲ್ಲ ಸೇರಿಸಿ ಕೊಡಿ.

ನೋಡಿಕೊಳ್ಳುವ ಹೆಂಗಸಿನ ದಿನಕ್ಕೆ 700 ಮಾತ್ರ ಎಲ್ಲೂ ಬರುವುದಿಲ್ಲ. ತಿಂಗಳಿಗೆ 21,000 ಆಯಿತು. ಸೊಂಟದ ಮೂಳೆಗೆ ಮೂರು ತಿಂಗಳು ಅಂದರೂ 63,000. ಕಮೋಡ್ ಕುರ್ಚಿ, ಬಚ್ಚಲಿಗೆ ಹಿಡಿಕೆ, ಶಿವಮೊಗ್ಗಕ್ಕೆ ಓಡಾಡುವ ಕಾರು ಬಾಡಿಗೆ ಬೇರೆ. ಪಾಲಿಸಿ ಅನ್ನುವುದು ಹಾಸಿಗೆಯ ಮೇಲಿನ ಎಂಟು ದಿನಕ್ಕೆ ಬರೆದ ಕಾಗದ. ಕಾಯಿಲೆ ಆಮೇಲೆ ಮನೆಗೆ ಬಂದು ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಬೇರೆ ದುಡ್ಡೇ ಬೇಕು. ಹಾಗಾಗಿ ಇನ್ನೊಂದು ಎಫ್‌ಡಿ ಇದೆ ಅಂದಿರಲ್ಲ, ಅದನ್ನು ಆಸ್ಪತ್ರೆಗೆ ಅಂತ ಮುಟ್ಟಬೇಡಿ. ಅದು ಮನೆಯ ಖರ್ಚಿನದ್ದು.

ಪ್ರಶ್ನೆ: ಆಂಟಿ, ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಅಮ್ಮ ಶಿರಸಿಯಲ್ಲಿ ಇದ್ದಾರೆ, 67 ವರ್ಷ. 12 ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಯೂ ಇದೆ. ಈಗ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಇದ್ದಾರೆ. ಬೇರೆ ಪಾಲಿಸಿ ಮಾಡಿಸಲು ಹೊರಟರೆ ಏಜೆಂಟ್ "ಶುಗರ್ ಅಂತ ಬರೆದರೆ ರಿಜೆಕ್ಟ್ ಆಗುತ್ತೆ, ಬಿಟ್ಟುಬಿಡೋಣ, ಐದು ವರ್ಷ ಕಳೆದರೆ ಯಾರೂ ಕೇಳಲ್ಲ" ಅನ್ನುತ್ತಾರೆ. ನಿಜವಾ?

ಉತ್ತರ: ಆಂಟಿ ಅಂದಿದ್ದೀಯ, ಹಾಗಾಗಿ ಏಕವಚನದಲ್ಲೇ ಹೇಳುತ್ತೇನೆ ತಮ್ಮಾ. ಬರೆಸು.

ಏಜೆಂಟ್ ಹೇಳಿದ ಐದು ವರ್ಷ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. 60 ತಿಂಗಳು ಬಿಡದೆ ಪಾಲಿಸಿ ನಡೆಸಿದರೆ, ಆಮೇಲೆ "ನೀವು ಇದನ್ನು ಹೇಳಿರಲಿಲ್ಲ" ಅಂತ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಮೊದಲು ಇದು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದರು. ಆದರೆ ಬೇಕಂತಲೇ ವಂಚಿಸಿದ್ದು ಅಂತ ಸಾಬೀತಾದರೆ ಆ ರಕ್ಷಣೆ ಇಲ್ಲ. ಜೊತೆಗೆ, 67ರ ಅಮ್ಮನಿಗೆ ಮುಂದಿನ ಐದು ವರ್ಷ ಏನೂ ಆಗುವುದಿಲ್ಲ ಅಂತ ಏಜೆಂಟ್ ಬರೆದುಕೊಡುತ್ತಾರಾ?

ಕ್ಲೇಮ್ ಟೇಬಲ್ಲಿನಲ್ಲಿ ನಾವು ಫೈಲ್ ತೆರೆದ ತಕ್ಷಣ ಮೊತ್ತ ನೋಡುತ್ತಿರಲಿಲ್ಲ. ಡಿಸ್ಚಾರ್ಜ್ ಸಮರಿಯ ಎರಡನೇ ಪ್ಯಾರಾ ನೋಡುತ್ತಿದ್ದೆವು. ಅಲ್ಲಿ ಡ್ಯೂಟಿ ಡಾಕ್ಟರು "ಕೆ/ಸಿ/ಒ ಡಿಎಂ, 12 ವರ್ಷ" ಅಂತ ಬರೆದಿರುತ್ತಾರೆ. ಸಕ್ಕರೆ ಕಾಯಿಲೆ ಇರುವುದು ಗೊತ್ತಿರುವ ರೋಗಿ ಅಂತ ಅರ್ಥ. ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲ್ಟಿಯಲ್ಲಿ "ಎಷ್ಟು ವರ್ಷದಿಂದ ಶುಗರ್ ಅಮ್ಮಾ?" ಅಂತ ಕೇಳಿದರೆ ಯಾವ ತಾಯಿ ಸುಳ್ಳು ಹೇಳುತ್ತಾರೆ? ಅದೇ ಸಾಲನ್ನು ಪ್ರಪೋಸಲ್ ಫಾರಂ, ಅಂದರೆ ಪಾಲಿಸಿ ಮಾಡಿಸುವಾಗ ತುಂಬಿದ ಅರ್ಜಿ, ಅದರ ಪಕ್ಕ ಇಟ್ಟರೆ ಮುಗಿಯಿತು. ಸುಳ್ಳು ಬರೆದವರು ಏಜೆಂಟ್, ಆದರೆ ಕೆಳಗೆ ಸಹಿ ಇರುವುದು ಅಮ್ಮನದ್ದು. ಅಂಥ ಫೈಲುಗಳಿಗೆ ನಾನು ನಿರಾಕರಣೆ ಪತ್ರ ಬರೆದಿದ್ದೇನೆ. ಒಂದರಲ್ಲಿ ಪ್ರೀಮಿಯಂ ಕಟ್ಟುತ್ತಿದ್ದ ಮಗ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಇವತ್ತಿಗೂ ಆ ಮೆಟ್ಟಿಲು ನೆನಪಾಗುತ್ತದೆ.

ನಿಜ ಬರೆದರೆ ಏನಾಗುತ್ತದೆ? ಕೆಲವು ಕಂಪನಿಗಳು ಬೇಡ ಅನ್ನಬಹುದು, ಕೆಲವು ಪ್ರೀಮಿಯಂ ಜಾಸ್ತಿ ಕೇಳಬಹುದು. ಒಪ್ಪಿದ ಕಂಪನಿ ಹಳೇ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಅದಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. ಆದರೆ ಆ ಮೂರು ವರ್ಷ ಪಾಲಿಸಿ ಸುಮ್ನೆ ಮಲಗಿರುವುದಿಲ್ಲ. ಬಿದ್ದು ಮೂಳೆ ಮುರಿದರೆ ಮೊದಲ ದಿನದಿಂದಲೇ ಬರುತ್ತದೆ. ಡೆಂಗಿ, ನ್ಯುಮೋನಿಯಾ ಅಂಥದ್ದಕ್ಕೆ ಮೊದಲ 30 ದಿನ ಕಳೆದರೆ ಸಾಕು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಗೆ ಬೇರೆ ಕಾಯುವ ಅವಧಿ ಇರುತ್ತದೆ, ಅದನ್ನು ಓದಿಕೋ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಮಾತನ್ನೂ ನಂಬಬೇಡ. 2024ರ ಏಪ್ರಿಲ್‌ನಿಂದ ಆ ಕಟ್ಟು ಇಲ್ಲ.

ಪಾಲಿಸಿ ಕೈಗೆ ಬಂದ ಮೇಲೆ ಜೊತೆಗೆ ಬರುವ ಪ್ರಪೋಸಲ್ ಫಾರಂ ಪ್ರತಿಯನ್ನು ಅಮ್ಮನ ಮುಂದೆ ಕೂತು ಓದು. "ಡಯಾಬಿಟಿಸ್ – ಇಲ್ಲ" ಅಂತ ಇದ್ದರೆ ಅವತ್ತೇ ತಿದ್ದಲು ಬರೆ. ಸರಿ ಅನ್ನಿಸದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು.

ಕಂಪನಿಯ ಗ್ರೂಪ್ ಪಾಲಿಸಿ ಅಂದೆಯಲ್ಲ, ಎಷ್ಟೋ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಕಾಯುವ ಅವಧಿಯೇ ಇರುವುದಿಲ್ಲ. ಅದು ದೊಡ್ಡ ಅನುಕೂಲ. ಆದರೆ ಅದರ ಆಯುಸ್ಸು ನಿನ್ನ ಆಫರ್ ಲೆಟರಿನ ಆಯುಸ್ಸು. ಕೆಲಸ ಬಿಡುವ ಮೊದಲೇ, ಬಿಟ್ಟ ಮೇಲೆ ಅಲ್ಲ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಅಮ್ಮನನ್ನು ಬದಲಾಯಿಸಬಹುದಾ ಅಂತ ಎಚ್‌ಆರ್ ಮೂಲಕ ಕೇಳು.

ಪ್ರಶ್ನೆ: ಎಪ್ಪತ್ತು ದಾಟಿದ ಎಲ್ಲರಿಗೂ 5 ಲಕ್ಷದ ಉಚಿತ ಚಿಕಿತ್ಸೆ ಅಂತ ವಾಟ್ಸ್ಯಾಪ್‌ನಲ್ಲಿ ಬಂದಿದೆ. ನಮ್ಮದು ಎಪಿಎಲ್ ಕಾರ್ಡು. ನನಗೆ 73, ನಮ್ಮ ಯಜಮಾನರಿಗೆ 79. ಇಬ್ಬರಿಗೂ ಸೇರಿ 10 ಲಕ್ಷ ಸಿಗುತ್ತದಾ? ಹಾಗಾದರೆ ಈಗಿರುವ ಪಾಲಿಸಿ ಬಿಡಬಹುದಾ? – ಮಂಡ್ಯ ಜಿಲ್ಲೆಯಿಂದ

ಉತ್ತರ: ವಾಟ್ಸ್ಯಾಪ್‌ನಲ್ಲಿ ಬಂದದ್ದು ಅಪರೂಪಕ್ಕೆ ನಿಜ ಇದೆ, ಅಮ್ಮಾ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದವರಿಗೆಲ್ಲ ತೆರೆಯಿತು. ಆದಾಯ ಎಷ್ಟು, ಯಾವ ಕಾರ್ಡು ಅಂತ ಕೇಳುವುದಿಲ್ಲ. ಅದಕ್ಕೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಅಂತ ಹೆಸರು. ವಯಸ್ಸು ನೋಡುವುದು ಆಧಾರ್‌ನಲ್ಲಿ. ಆದರೆ 10 ಲಕ್ಷ ಅಲ್ಲ. 5 ಲಕ್ಷ ಅನ್ನುವುದು ಮನೆಗೆ, ವರ್ಷಕ್ಕೆ. ಇಬ್ಬರೂ ಅದರಲ್ಲೇ ಹಂಚಿಕೊಳ್ಳಬೇಕು.

ಕರ್ನಾಟಕದಲ್ಲಿ ಇದರ ಜೊತೆಗೆ ಹೆಣೆದುಕೊಂಡಿರುವುದು 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಅದರಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, ಶೇ. 30, ಅದೂ ವರ್ಷಕ್ಕೆ 1.5 ಲಕ್ಷ ಮೀರದ ಹಾಗೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಿಮ್ಮಿಬ್ಬರಿಗೆ ಎರಡರಲ್ಲಿ ಯಾವುದು ಅನ್ನುವುದನ್ನು ಆಸ್ಪತ್ರೆಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ಜನ ಎಡವುವುದು ಕಾರ್ಡಿನಲ್ಲಿ ಅಲ್ಲ, ದಾರಿಯಲ್ಲಿ. ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಕೊಟ್ಟ ಮೇಲೆ ಖಾಸಗಿ ಆಸ್ಪತ್ರೆ, ಅದೂ ಯೋಜನೆಯ ಪಟ್ಟಿಯಲ್ಲಿ ಇರುವಂಥದ್ದು. ನೇರವಾಗಿ ಖಾಸಗಿಗೆ ಹೋಗಿ ಬಿಲ್ಲು ಕಟ್ಟಿ, ಆಮೇಲೆ ಕಾರ್ಡು ಹಿಡಿದು ದುಡ್ಡು ವಾಪಸ್ ಕೇಳುವ ಯೋಜನೆ ಅಲ್ಲ ಇದು. ಪಟ್ಟಿಯ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಮೈ ಸರಿ ಇರುವಾಗಲೇ ಒಂದು ದಿನ ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಆಧಾರ್, ರೇಷನ್ ಕಾರ್ಡು ಹಿಡಿದು ಹೋಗಿ. ನಿಮ್ಮ ಕಾರ್ಡಿಗೆ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ, ಎಷ್ಟು ಮೊತ್ತ ಅಂತ ಅವರ ಬಾಯಿಂದಲೇ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.

ಪಾಲಿಸಿ ಬಿಡಬೇಡಿ. ಖಾಸಗಿ ಪಾಲಿಸಿ ಇದ್ದವರಿಗೂ ವಯ ವಂದನಾ ಕಾರ್ಡು ಸಿಗುತ್ತದೆ. ಎರಡೂ ಇರಲಿ. ಒಮ್ಮೆ ಬಿಟ್ಟರೆ ನಿಮ್ಮ ಯಜಮಾನರಿಗೆ 79ರಲ್ಲಿ ಹೊಸದು ಕೊಡುವವರನ್ನು ಹುಡುಕುವುದು ಕಷ್ಟ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, 76 ವರ್ಷ. ಪ್ರೀಮಿಯಂ ಹೋದ ಸಲ ತೆರಿಗೆ ಸೇರಿ 61,360 ಆಗಿತ್ತು. ಪಿಂಚಣಿಯಲ್ಲಿ ಎರಡು ತಿಂಗಳದ್ದು ಅಲ್ಲಿಗೇ ಹೋಗುತ್ತದೆ. ಹತ್ತು ವರ್ಷದಲ್ಲಿ ಒಂದು ಕ್ಲೇಮೂ ಮಾಡಿಲ್ಲ. ನಿಲ್ಲಿಸಿ, ಆ ದುಡ್ಡನ್ನು ಆರ್‌ಡಿಗೆ ಹಾಕಿದರೆ ಹೇಗೆ? – ಹುಬ್ಬಳ್ಳಿಯಿಂದ

ಉತ್ತರ: ಬ್ಯಾಂಕಿನವರಿಗೆ ನಾನು ಆರ್‌ಡಿ ಲೆಕ್ಕ ಹೇಳುವುದೇ? ಆದರೂ ಒಂದು ಮಾತು. ಆರ್‌ಡಿ ತುಂಬಲು ವರ್ಷಗಳು ಬೇಕು. ಎದೆನೋವು ಅಷ್ಟು ದಿನ ಕಾಯುವುದಿಲ್ಲ.

ನಿಮಗೆ ಒಂದು ಸಮಾಧಾನ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ನಿಮ್ಮ 61,360ರಲ್ಲಿ 52,000 ಪ್ರೀಮಿಯಂ, 9,360 ತೆರಿಗೆ. ರಿನ್ಯೂವಲ್ ನೋಟಿಸ್ ಬಂದಾಗ ಆ ತೆರಿಗೆ ಸಾಲು ಇನ್ನೂ ಇದೆಯಾ ನೋಡಿ. ಇನ್ನೊಂದು, 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶ ಆಗಿದೆ. ನೋಟಿಸಿನಲ್ಲಿ ಅದಕ್ಕಿಂತ ಜಾಸ್ತಿ ಕಂಡರೆ, ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ಆರೋಗ್ಯ ವಿಮೆಯ ಪ್ರೀಮಿಯಂ ಅಂತ ಆದಾಯದಿಂದ 50,000ದವರೆಗೆ ಕಳೆಯಬಹುದು, ಅದು ನಿಮಗೆ ಗೊತ್ತೇ ಇರುತ್ತದೆ.

ಅಷ್ಟಾದರೂ ಭಾರ ಅನ್ನಿಸಿದರೆ ನಿಲ್ಲಿಸುವ ಬದಲು ಇಳಿಸಿ. ವಿಮಾ ಮೊತ್ತ ಕಡಿಮೆ ಮಾಡಿದರೆ, ಅಥವಾ ಕೋ-ಪೇ ಒಪ್ಪಿದರೆ ಎಷ್ಟಾಗುತ್ತದೆ ಅಂತ ಎರಡು ಕೊಟೇಷನ್ ತರಿಸಿ. ಆದರೆ ಮೊತ್ತ ಇಳಿಸಿದಾಗ ರೂಮ್ ಬಾಡಿಗೆಯ ಮಿತಿಯೂ ಇಳಿಯಬಹುದು. ಮೇಲಿನ ಮೇಷ್ಟ್ರ ಕಥೆ ಓದಿದಿರಲ್ಲ. ಕಂಪನಿ ಬದಲಾಯಿಸುವ ಯೋಚನೆ ಇದ್ದರೆ ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹೋಗಬೇಕು. ಹೊಸ ಕಂಪನಿ ಒಪ್ಪಲೇಬೇಕೆಂದೇನೂ ಇಲ್ಲ. ಒಪ್ಪಿದ ಪತ್ರ ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

"ಒಂದು ತಿಂಗಳು ಗ್ರೇಸ್ ಇದೆಯಲ್ಲ", ಅಂದರೆ ಗಡುವು ಮುಗಿದ ಮೇಲೂ ಕಟ್ಟಲು ಸಮಯ ಇದೆಯಲ್ಲ ಅಂತ ತಡ ಮಾಡುವವರಿಗೆ ಒಂದು ಎಚ್ಚರಿಕೆ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಯಲ್ಲಿ ಆ 30 ದಿನ ಪಾಲಿಸಿಯನ್ನು ಉಳಿಸುತ್ತದೆ, ನಿಮ್ಮನ್ನಲ್ಲ. ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣ ಬರುವುದಿಲ್ಲ.

ಪ್ರಶ್ನೆ: ಕಣ್ಣಿನ ಪೊರೆ ಆಪರೇಷನ್ ಆಗಿ ಸಂಜೆಯೇ ಮನೆಗೆ ಬಂದೆ. 24 ಗಂಟೆ ಇರಲಿಲ್ಲ ಅಂತ ಕ್ಲೇಮ್ ತಿರಸ್ಕರಿಸಿದ್ದಾರೆ. – ಹಾಸನದಿಂದ

ಉತ್ತರ: ತಪ್ಪು ನಿರ್ಧಾರ. ಕಣ್ಣಿನ ಪೊರೆ ಡೇ-ಕೇರ್ ಚಿಕಿತ್ಸೆ, ಅಂದರೆ ಸೇರಿದ ದಿನವೇ ಮುಗಿಸಿ ಮನೆಗೆ ಕಳಿಸುವಂಥದ್ದು, 24 ಗಂಟೆಯ ನಿಯಮ ಅದಕ್ಕಿಲ್ಲ. ಕಂಪನಿಯಲ್ಲಿ ದೂರು ಕೇಳುವ ಗ್ರೀವೆನ್ಸ್ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಫೀಸಿಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ. ಪೂರ್ತಿ ಮೊತ್ತ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಪೊರೆಗೆ ಬೇರೆ ಮಿತಿ ಇರುತ್ತದೆ. ಎಲ್ಲ ಕಂಪನಿಗಳಲ್ಲೂ ಒಂದೇ ಥರ ಇರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಾದರೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000, ಯಾವುದು ಕಡಿಮೆಯೋ ಅದು.

ಪ್ರಶ್ನೆ: ಅಕ್ಕಾ, ನಮ್ಮತ್ತೆಗೆ 78. ಹಾರ್ಟ್ ವೀಕ್, ಕಿಡ್ನಿ ತೊಂದರೆಯೂ ಇದೆ. ಯಾವ ಪಾಲಿಸಿಯೂ ಇಲ್ಲ, ಕೇಳಿದ ಕಂಪನಿಗಳೆಲ್ಲ ಇಲ್ಲ ಅಂದವು. ನಾವು ಬಿಪಿಎಲ್. ಅತ್ತೆ ಮಾವನ ಹೆಸರಲ್ಲಿ ಎರಡು ಲಕ್ಷದ ಎಫ್‌ಡಿ ಇದೆ. ಅದೊಂದೇ ಧೈರ್ಯ. ನಮ್ಮವರು ಇರೋ ಎರಡು ಹಸು ಮಾರಿಬಿಡೋಣ ಅಂತಾರೆ. ಏನು ಮಾಡೋದು? – ತೀರ್ಥಹಳ್ಳಿ ಕಡೆಯಿಂದ

ಉತ್ತರ: ಹಸು ಮಾರಬೇಡಿ. ತಿಂಗಳ ಮಾತ್ರೆಗೆ ಹಾಲಿನ ದುಡ್ಡೇ ಬೇಕಾಗುತ್ತದೆ.

ಪಾಲಿಸಿಯ ಹಿಂದೆ ಓಡುವುದೂ ಬೇಡ ತಂಗಿ. 78ರಲ್ಲಿ, ಈ ಕಾಯಿಲೆಗಳ ಜೊತೆ, ಯಾರಾದರೂ ಕೊಟ್ಟರೂ ಪ್ರೀಮಿಯಂ ಬಹಳ ಜಾಸ್ತಿ ಇರುತ್ತದೆ. ಮೂರು ವರ್ಷದವರೆಗೂ ಹಾರ್ಟಿಗೂ ಕಿಡ್ನಿಗೂ ಏನೂ ಬಾರದೆ ಇರಬಹುದು. ನಿಮ್ಮ ಬಿಪಿಎಲ್ ಕಾರ್ಡೇ ನಿಮ್ಮ ಪಾಲಿಸಿ. ಅತ್ತೆಯ ಆಧಾರ್‌ನಲ್ಲಿ ಹೆಸರು, ವಯಸ್ಸು ಸರಿ ಇದೆಯಾ, ಬೆರಳಚ್ಚು ತೆಗೆದುಕೊಳ್ಳುತ್ತದಾ ಅಂತ ಈಗಲೇ ನೋಡಿಸಿ. ಗದ್ದೆ ಕೆಲಸ ಮಾಡಿದ ಕೈಯ ಗೆರೆ ಸವೆದಿರುತ್ತದೆ, ಆಸ್ಪತ್ರೆಯಲ್ಲಿ ಮೆಷಿನ್ ಒಪ್ಪುವುದಿಲ್ಲ, ಅಲ್ಲಿ ಪರದಾಟ. ಹೃದಯಕ್ಕೆ ಅಂತ ಜಯದೇವ ಆಸ್ಪತ್ರೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಇದೆ. ದಿನದ ಮಾತ್ರೆಗಳ ಚೀಟಿಯನ್ನು ಜನೌಷಧಿ ಕೇಂದ್ರದಲ್ಲಿ ಒಮ್ಮೆ ತೋರಿಸಿ. ಅದೇ ಔಷಧಿ, ಕಂಪನಿಯ ಹೆಸರು ಇರುವುದಿಲ್ಲ, ಬೆಲೆ ಬಹಳ ಕಡಿಮೆ. ಡಾಕ್ಟರಿಗೆ ಹೇಳಿಯೇ ಬದಲಾಯಿಸಿ.

ಈಗ ಆ ಎಫ್‌ಡಿ. ನನ್ನದೇ ಕಥೆ ಹೇಳುತ್ತೇನೆ. ನಾನು ನಿವೃತ್ತಳಾದ ಮರುವರ್ಷ ನಮ್ಮ ಮನೆಯವರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು. ಆಸ್ಪತ್ರೆಯಲ್ಲಿ 50,000 ಅಡ್ವಾನ್ಸ್ ಕಟ್ಟಿ ಅಂದರು, ಕ್ಯಾಶ್‌ಲೆಸ್ ಮಂಜೂರಾತಿ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಒಪ್ಪಿಗೆ, ಬೆಳಗ್ಗೆ ಬರುತ್ತದೆ ಅಂತ. ಉಳಿತಾಯ ಖಾತೆಯಲ್ಲಿ ಇದ್ದದ್ದು ಹನ್ನೊಂದು ಸಾವಿರ. ಇದ್ದಬದ್ದದ್ದನ್ನೆಲ್ಲ ಜಾಣತನದಿಂದ ಎಫ್‌ಡಿಗೆ ಹಾಕಿದ್ದೆವು. ಜಂಟಿ ಎಫ್‌ಡಿ, "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಅಂತಲೇ ಬರೆಸಿದ್ದು. ಬೆಳಗ್ಗೆ ಹತ್ತಕ್ಕೆ ಬ್ಯಾಂಕಿನ ಬಾಗಿಲಲ್ಲೇ ನಿಂತಿದ್ದೆ. ಅವರು ಹೇಳಿದ್ದು: "ಅವಧಿ ಮುಗಿದ ಮೇಲಾದರೆ ಒಬ್ಬರ ಸಹಿ ಸಾಕು ಮೇಡಂ. ಮುಂಚೆ ಮುರಿಸುವುದಾದರೆ ಇಬ್ಬರದ್ದೂ ಬೇಕು." ಇನ್ನೊಂದು ಸಹಿ ಐಸಿಯುನಲ್ಲಿ ಮಲಗಿತ್ತು. ಆ ಗುಮಾಸ್ತನ ತಪ್ಪಲ್ಲ, ನಿಯಮ ಇರುವುದೇ ಹಾಗೆ. 31 ವರ್ಷ ಇನ್ನೊಬ್ಬರ ಕಾಗದದ ಸಣ್ಣ ಅಕ್ಷರ ಓದಿದವಳು ನಮ್ಮ ಮನೆಯ ಕಾಗದ ಓದಿರಲಿಲ್ಲ. ಕೊನೆಗೆ ನನ್ನ ತಮ್ಮ ಅಡಿಕೆ ಮಂಡಿಯಿಂದ ಮುಂಗಡ ತಂದುಕೊಟ್ಟ.

ಹಾಗಾಗಿ ನಿಮ್ಮ ಅತ್ತೆ ಮಾವನ ಆ ಎರಡು ಲಕ್ಷವನ್ನು ಒಡೆಯಿರಿ. ನಲವತ್ತೈವತ್ತು ಸಾವಿರ ಉಳಿತಾಯ ಖಾತೆಯಲ್ಲಿ ಇರಲಿ. ಆ ಖಾತೆಗೆ ನಿಮ್ಮ ಯಜಮಾನರ ಹೆಸರೂ ಸೇರಲಿ, ಯಾರು ಬೇಕಾದರೂ ಒಬ್ಬರೇ ತೆಗೆಯುವ ಹಾಗೆ ಬರೆಸಿ. ಉಳಿದದ್ದನ್ನು ಒಂದೇ ಎಫ್‌ಡಿ ಮಾಡದೆ ಐವತ್ತರಂತೆ ಮೂರು ಮಾಡಿ, ಆಗ ಬೇಕಾದಷ್ಟನ್ನೇ ಮುರಿಸಬಹುದು. ಅವಧಿಗೆ ಮುಂಚೆಯೂ ಒಬ್ಬರೇ ತೆಗೆಯಬಹುದು ಅಂತ ಇಬ್ಬರೂ ಸಹಿ ಹಾಕಿದ ಪತ್ರ ಇಟ್ಟುಕೊಳ್ಳುತ್ತೀರಾ ಅಂತ ಮ್ಯಾನೇಜರನ್ನು ಕೇಳಿ. ಅತ್ತೆಗೆ ಸಹಿ ಹಾಕಲು ಕೈ ನಡುಗುತ್ತದೆ ಅಂತ ಬರೆದಿದ್ದೀರಿ. ಹೆಬ್ಬೆಟ್ಟು ನಡೆಯುತ್ತದೆ, ಸಾಕ್ಷಿ ಬೇಕು ಅಷ್ಟೇ. ಮಳೆ ಬಿಟ್ಟ ದಿನ ನೋಡಿ ಆಟೋದಲ್ಲಿ ಇಬ್ಬರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ, ಆಗ ಕೌಂಟರಿನಲ್ಲಿ ಯಾರೂ ಇರುವುದಿಲ್ಲ.